ಎರೆ ಮಣ್ಣಿನ ಮೇಲಿನ ಮನೆ: ಗೋಡೆಯ ಬಿರುಕು ಪಾಯದ್ದೋ, ಬರೀ ಗಿಲಾವಿನದೋ?

ನವಲಗುಂದದ ಮನೆ · ಮೇ

ಎಲ್ಲರಿಗೂ ನಮಸ್ಕಾರ. ನಮ್ಮದು ನವಲಗುಂದದ ಹೊಸ ಬಡಾವಣೆಯಲ್ಲಿ ಕಟ್ಟಿಸಿದ ಒಂದೇ ಅಂತಸ್ತಿನ ಮನೆ. ಕಾಲಮ್ ಇಲ್ಲ, ಇಟ್ಟಿಗೆ ಗೋಡೆಯ ಮೇಲೆಯೇ ಸ್ಲ್ಯಾಬ್ ಕೂತಿದೆ. ಪಾಯ ನಾಲ್ಕು ಅಡಿ ಆಳ, ಸೈಜುಗಲ್ಲಿನದು. ಕೆಳಗೆ ಅಪ್ಪಟ ಎರೆ. ಕಟ್ಟಿ ಹತ್ತು ವರ್ಷ ದಾಟಿದೆ.

ವಾಯವ್ಯ ಮೂಲೆಯ ಕೋಣೆಯಲ್ಲಿ ಕಿಟಕಿಯ ಮೇಲಿನ ಅಂಚಿನಿಂದ ಹೊರಟ ಬಿರುಕು ಮೆಟ್ಟಿಲು ಮೆಟ್ಟಿಲಾಗಿ ಮನೆಯ ಮೂಲೆಯ ಕಡೆಗೆ ಏರಿ ಸ್ಲ್ಯಾಬ್ ಮುಟ್ಟಿದೆ. ಕಿಟಕಿಯ ಹತ್ತಿರ ಕೂದಲೆಳೆಯಷ್ಟು, ಮೇಲೆ ಹೋದಂತೆ ಎರಡು ರೂಪಾಯಿ ನಾಣ್ಯ ಒಳಗೆ ಹೋಗುತ್ತದೆ. ಹೊರಗೋಡೆಯಲ್ಲೂ ಅದೇ ಜಾಗದಲ್ಲಿ ಕಾಣುತ್ತದೆ. ಆ ಕೋಣೆಯ ಬಾಗಿಲು ಚಿಲಕಕ್ಕೆ ಕೂರುತ್ತಿಲ್ಲ. ಹಾಲ್ ನಡುವೆ ಟೈಲ್ಸ್ ಸ್ವಲ್ಪ ಉಬ್ಬಿವೆ. ಮೂಲೆಯಿಂದ ಹನ್ನೆರಡು ಅಡಿ ದೂರದಲ್ಲಿ ದೊಡ್ಡ ಬೇವಿನ ಮರ ಇದೆ.

ಒಬ್ಬ ಗುತ್ತಿಗೆದಾರರು ಪುಟ್ಟಿ ತುಂಬಿ ಬಣ್ಣ ಹೊಡೆದರೆ ಮುಗಿಯಿತು ಅಂದರು. ಇನ್ನೊಬ್ಬರು ಇಡೀ ಮನೆಯ ಸುತ್ತ ಅಗೆದು ಪಾಯಕ್ಕೆ ಕಾಂಕ್ರೀಟ್ ಜಾಕೆಟ್ (ಸುತ್ತಲೂ ಕಾಂಕ್ರೀಟ್ ಕವಚ) ಹಾಕಬೇಕು ಎಂದು ಲಕ್ಷಗಳ ಲೆಕ್ಕ ಬರೆದುಕೊಟ್ಟಿದ್ದಾರೆ. ಯಾರ ಮಾತು ಕೇಳಬೇಕು? ಮನೆಯಲ್ಲಿ ಅವ್ವ ಆ ಕೋಣೆಯಲ್ಲೇ ಮಲಗುತ್ತಾರೆ, ಅದೇ ಚಿಂತೆ.

ದಾವಣಗೆರೆ ಸ್ಟ್ರಕ್ಚರಲ್ · ಮೇ

ಮೊದಲು ತಾಯಿಯವರ ವಿಷಯ. ಗೋಡೆ ಹೊರಕ್ಕೆ ಉಬ್ಬಿದ್ದರೆ, ಲಿಂಟಲ್ (ಬಾಗಿಲು ಕಿಟಕಿಯ ಮೇಲಿನ ತೊಲೆ) ಅಥವಾ ಸ್ಲ್ಯಾಬ್ ಗೋಡೆಯ ಮೇಲಿನ ಹಿಡಿತ ಬಿಟ್ಟು ಸರಿದಿದ್ದರೆ, ಬಿರುಕು ದಿನದಿಂದ ದಿನಕ್ಕೆ ಕಣ್ಣಿಗೆ ಕಾಣುವಷ್ಟು ಬೆಳೆಯುತ್ತಿದ್ದರೆ ಇವತ್ತೇ ಆ ಕೋಣೆ ಖಾಲಿ ಮಾಡಿ, ಸ್ಲ್ಯಾಬ್ ಕೆಳಗೆ ಜಾಕಿ ಕೊಡಿಸಿ. ಇವು ಯಾವುವೂ ಇಲ್ಲದಿದ್ದರೆ ಯೋಚಿಸಿ ಹೆಜ್ಜೆ ಇಡಲು ಸಮಯ ಇದೆ. ಸಂಶಯ ಇದ್ದರೆ ಎಂಜಿನಿಯರ್ ಬಂದು ನೋಡುವ ತನಕ ತಾಯಿಯವರ ಹಾಸಿಗೆ ಬೇರೆ ಕೋಣೆಗೆ ಹಾಕಿಸಿ.

ನೀವು ಬರೆದಿರುವುದು ಗಿಲಾವಿನ ಬಿರುಕಲ್ಲ. ಗಿಲಾವು ಒಣಗುವಾಗ ಬರುವ ಬಿರುಕು ಜೇಡರ ಬಲೆಯಂತೆ ಎಲ್ಲ ಕಡೆ ಹರಡುತ್ತದೆ, ಹೊರಗೋಡೆಗೆ ದಾಟುವುದಿಲ್ಲ. ನಿಮ್ಮದು ಒಳಗೂ ಹೊರಗೂ ಇದೆ, ಇಟ್ಟಿಗೆಯ ಸಂದು ಹಿಡಿದು ಏರಿದೆ, ಒಂದು ತುದಿ ಸಣ್ಣ, ಇನ್ನೊಂದು ತುದಿ ಅಗಲ. ಈ ಮೂರೂ ಒಟ್ಟಿಗೆ ಬಂದರೆ ಗೋಡೆಯ ಒಂದು ಭಾಗ ಇನ್ನೊಂದು ಭಾಗವನ್ನು ಬಿಟ್ಟು ಚಲಿಸಿದೆ ಎಂದೇ ತಿಳಿಯಬೇಕು.

ಯಾವ ಕಡೆ ಚಲಿಸಿದೆ ಎನ್ನುವುದನ್ನೂ ಬಿರುಕೇ ಹೇಳುತ್ತದೆ. ಓರೆ ಬಿರುಕನ್ನು 90 ಡಿಗ್ರಿಯಲ್ಲಿ ದಾಟುವಂತೆ ನೇರ ಗೆರೆ ಎಳೆಯಿರಿ. ಆ ಗೆರೆಯ ಕೆಳಮುಖದ ತುದಿ ಸಾಮಾನ್ಯವಾಗಿ ಕುಸಿದ ಭಾಗವನ್ನು ತೋರಿಸುತ್ತದೆ. ಮೇಲೆ ಅಗಲ, ಕೆಳಗೆ ಸಣ್ಣ ಎಂದರೆ ಗೋಡೆಯ ತುದಿ ಇಳಿದಿದೆ ಅಥವಾ ಮನೆಯ ನಡುಭಾಗ ಎದ್ದಿದೆ. ಕೆಳಗೆ ಅಗಲ ಇದ್ದರೆ ನಡುಭಾಗ ಇಳಿದಿದೆ. ನಿಮ್ಮ ಮನೆಯಲ್ಲಿ ಮೂಲೆಯೂ ಇಳಿದಂತಿದೆ, ಹಾಲ್ ನಡುವೆಯೂ ಎದ್ದಂತಿದೆ. ಎರೆ ಮಣ್ಣಿನಲ್ಲಿ ಇವೆರಡೂ ಜೊತೆಗೇ ಬರುತ್ತವೆ.

ಅಗಲದ ಲೆಕ್ಕಕ್ಕೆ ಬ್ರಿಟನ್ನಿನ ಕಟ್ಟಡ ಸಂಶೋಧನಾ ಸಂಸ್ಥೆಯ ವರ್ಗೀಕರಣವನ್ನು ನಾವೆಲ್ಲ ಬಳಸುತ್ತೇವೆ. 1 ಮಿ.ಮೀ. ಒಳಗಿದ್ದರೆ ಬಣ್ಣದ ಕೆಲಸ. 5 ಮಿ.ಮೀ. ತನಕ ಹಗುರ. 5ರಿಂದ 15 ಮಧ್ಯಮ, ಬಾಗಿಲು ಕಿಟಕಿ ಕಚ್ಚಿಕೊಳ್ಳುವುದು ಈ ಹಂತದಲ್ಲಿ. 15 ದಾಟಿದರೆ ತೀವ್ರ, 25 ದಾಟಿದರೆ ಗೋಡೆ ನಿಂತೀತೆಂಬ ನಂಬಿಕೆಯೇ ಇಲ್ಲ. ನಾಣ್ಯದ ಅಂದಾಜು ಬಿಟ್ಟು ಸರಿಯಾಗಿ ಅಳೆದು ತಿಳಿಸಿ.

ಮಳೆ ಬಂದಾಗ ಬಿರುಕು ಸಣ್ಣದಾಗುತ್ತದೆಯೇ? ಇದಕ್ಕೆ ಉತ್ತರ ಸಿಕ್ಕರೆ ಅರ್ಧ ರೋಗ ಗೊತ್ತಾದಂತೆ.

ಅಣ್ಣಿಗೇರಿ ಗೌಂಡಿ · ಮೇ

ಅಣ್ಣಾರ, ಎಂಜಿನಿಯರ್ ಸಾಹೇಬ್ರು ಕೇಳಿದ್ದು ಬರೋಬ್ಬರಿ ಐತಿ. ನಮ್ಮ ಕಡಿ ಎರಿ ಭೂಮಿ ಬ್ಯಾಸಿಗ್ಯಾಗ ಬಾಯಿ ಬಿಡತೈತಿ, ಮಳಿ ಬಿದ್ದ ಮ್ಯಾಲೆ ಉಬ್ಬತೈತಿ. ಪ್ರತಿ ವರ್ಷ ಇದು ನಡಿಯೂದ. ಮನಿ ಹೊರಗಿನ ಮಣ್ಣು ಬಿಸಲಿಗೆ ಒಣಗತೈತಿ, ಮನಿ ನಡುವಿನ ಮಣ್ಣು ನೆಳ್ಳಾಗ ಹಸಿ ಇರತೈತಿ. ಹಿಂಗಾಗಿ ಮೂಲಿ ಇಳಿತಾವ, ನಡುವ ಹಂಗ ನಿಲ್ಲತೈತಿ.

ಈಗ ಮೇ ತಿಂಗಳು. ಮನಿ ಸುತ್ತ ಒಂದು ಸಲ ಅಡ್ಡಾಡ್ರಿ. ಗ್ವಾಡಿ ಬುಡಕ್ಕ ಮಣ್ಣು ಬಿಟ್ಟು ಬಿರುಕಾಗಿರತೈತಿ. ಅದರಾಗ ಒಂದು ಸಣ್ಣ ಸಳಿ ಇಳಿಬಿಟ್ಟು ನೋಡ್ರಿ. ಬೇವಿನ ಗಿಡದ ಕಡಿ ಎಷ್ಟು ಆಳ ಹೋಗತೈತಿ, ಎದುರಿನ ಕಡಿ ಎಷ್ಟು ಹೋಗತೈತಿ, ಬರದ ಇಡ್ರಿ. ಫರಕ ಕಂಡ್ರ ಅದ ನಿಮ್ಮ ಉತ್ತರ.

ಮತ್ತ ಒಂದು ಮಾತು. ಬಿರುಕು ಮುಚ್ಚಬೇಕಂತ ಆ ಸಂದಿನ್ಯಾಗ ಪೈಪ್ ಹಚ್ಚಿ ನೀರು ಬಿಡಬ್ಯಾಡ್ರಿ. ಯಾರಾರ ಹೇಳಿಕೊಡತಾರ. ಒಂದ ಕಡಿ ನೀರು ಕುಡಿದು ಮಣ್ಣು ಎದ್ದರ ಇನ್ನೊಂದು ಗ್ವಾಡಿ ಸೀಳತೈತಿ.

ಗಾಜಿನ ಪಟ್ಟಿ ಹಚ್ಚೂದು ನಿಮಗ ಗೊತ್ತಿರಬೇಕು. ಬಿರುಕಿನ ಮ್ಯಾಲೆ ಗಿಲಾವು ಕೆತ್ತಿ ಇಟ್ಟಂಗಿ ಕಾಣೂ ಹಂಗ ಮಾಡ್ರಿ. ಎರಡು ಬೆರಳ ಅಗಲದ ತೆಳು ಗಾಜು ಅಡ್ಡ ಇಟ್ಟು ಎರಡೂ ತುದಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೆತ್ತಿ, ಬಾಜೂಕ ತಾರೀಖು ಬರೀರಿ. ಗಿಲಾವಿನ ಮ್ಯಾಲೆ ಹಚ್ಚಿದ್ರ ಉಪಯೋಗಿಲ್ಲ. ಗಿಲಾವು ಬಿಟ್ಟರ ಗಾಜು ಸುಮ್ನ ನಿಂತಿರತೈತಿ. ಗಾಜು ಒಡೆದರ ಗ್ವಾಡಿ ಇನ್ನೂ ನಡದೈತಿ ಅಂತ ಅರ್ಥ.

ದಾವಣಗೆರೆ ಸ್ಟ್ರಕ್ಚರಲ್ · ಮೇ

ಗೌಂಡಿಯವರ ಮಾತಿಗೆ ಒಂದು ಸೇರ್ಪಡೆ. ಗಾಜು ಒಡೆದರೆ ಚಲಿಸಿದೆ ಎಂದು ತಿಳಿಯುತ್ತದೆ, ಎಷ್ಟು ಚಲಿಸಿದೆ ಎಂದು ತಿಳಿಯುವುದಿಲ್ಲ. ಪಕ್ಕದಲ್ಲೇ ಮೂರು ಸಣ್ಣ ಸ್ಕ್ರೂ ಕೂರಿಸಿ. ಬಿರುಕಿನ ಒಂದು ಬದಿಗೆ ಎರಡು, ಇನ್ನೊಂದು ಬದಿಗೆ ಒಂದು, ತ್ರಿಕೋನದಂತೆ. ಮೂರರ ನಡುವಿನ ಅಂತರವನ್ನು ವರ್ನಿಯರ್ ಕ್ಯಾಲಿಪರ್‌ನಿಂದ ತಿಂಗಳಿಗೊಮ್ಮೆ ಅಳೆದು ಪುಸ್ತಕದಲ್ಲಿ ಬರೆದಿಡಿ. ಬಿರುಕು ಅಗಲವಾಯಿತೋ, ಒಂದು ಬದಿ ಕೆಳಗೆ ಜಾರಿತೋ ಎರಡೂ ಅದರಲ್ಲಿ ಸಿಗುತ್ತದೆ.

ಇನ್ನೊಂದು, ಲೆವೆಲ್ ಪೈಪ್ (ನೀರು ತುಂಬಿದ ಪಾರದರ್ಶಕ ಕೊಳವೆ) ಹಿಡಿದು ಮನೆಯ ಸುತ್ತ ಪ್ಲಿಂತ್‌ನ (ನೆಲದ ಮೇಲೆ ಕಾಣುವ ಪಾಯದ ಭಾಗ) ಒಂದೇ ವರಸೆಯ ಎತ್ತರ ನೋಡಿಸಿ. ಕಟ್ಟುವಾಗ ಆ ವರಸೆ ಹೆಚ್ಚುಕಡಿಮೆ ಸಮವಾಗಿತ್ತು. ಈಗ ಯಾವ ಮೂಲೆ ಎಷ್ಟು ಇಳಿದಿದೆ ಎಂದು ಒಂದು ಗಂಟೆಯ ಕೆಲಸದಲ್ಲಿ ಗೊತ್ತಾಗುತ್ತದೆ. ಲಕ್ಷಗಳ ಲೆಕ್ಕ ಬರೆದುಕೊಟ್ಟವರು ಇದನ್ನು ಮಾಡಿದ್ದಾರೆಯೇ ಕೇಳಿ. ಅಳತೆ ಇಲ್ಲದೆ ಜಾಕೆಟ್ ಎನ್ನುವವರನ್ನು ಮನೆಯ ಹತ್ತಿರ ಬಿಡಬೇಡಿ.

ಮೂರನೇ ಮಹಡಿ, ಬೆಂಗಳೂರು · ಜೂನ್

ನಡುವೆ ಬಂದದ್ದಕ್ಕೆ ಕ್ಷಮಿಸಿ. ನಮ್ಮ ಮೇಲಿನ ಮಹಡಿಯಲ್ಲಿ ತಾರಸಿ ಸ್ಲ್ಯಾಬ್‌ನ ಕೆಳಗೇ ಗೋಡೆಯುದ್ದಕ್ಕೂ ನೇರವಾಗಿ, ಅಡ್ಡಕ್ಕೆ ಬಿರುಕು ಇದೆ. ಕಾಲಮ್ ಮತ್ತು ಗೋಡೆ ಸೇರುವಲ್ಲಿ ಉದ್ದಕ್ಕೆ ಇನ್ನೊಂದು. ಇದೂ ಪಾಯದ್ದೇ?

ದಾವಣಗೆರೆ ಸ್ಟ್ರಕ್ಚರಲ್ · ಜೂನ್

ಎರಡೂ ಅಲ್ಲ. ಮೊದಲನೆಯದು ಬಿಸಿಲಿಗೆ ತಾರಸಿ ಸ್ಲ್ಯಾಬ್ ಹಿಗ್ಗಿ ರಾತ್ರಿ ಕುಗ್ಗುವುದರಿಂದ ಬರುವುದು. ಕೆಳಗಿನ ಮಹಡಿಗಳಲ್ಲಿ ಇಲ್ಲ, ಮೇಲಿನದರಲ್ಲಿ ಮಾತ್ರ ಇದೆ ಎನ್ನುವುದೇ ಗುರುತು. ತಾರಸಿಗೆ ಬಿಸಿಲು ತಡೆಯುವ ಬಿಳಿ ಲೇಪ ಅಥವಾ ಟೈಲ್ಸ್ ಹಾಕಿಸಿ. ಎರಡನೆಯದು ಕಾಂಕ್ರೀಟ್ ಮತ್ತು ಇಟ್ಟಿಗೆ ಬೇರೆ ಬೇರೆ ರೀತಿ ಕುಗ್ಗುವುದರಿಂದ. ಗಿಲಾವು ತೆಗೆದು ಕೋಳಿ ಜಾಲರಿ ಬಡಿದು ಮತ್ತೆ ಗಿಲಾವು ಮಾಡಿಸಿದರೆ ಸಾಕು.

ಕಡಲ ಬದಿಯವ, ಮಂಗಳೂರು · ಜೂನ್

ಎರೆ ಮಣ್ಣು ನಮ್ಮಲ್ಲಿಲ್ಲ, ಆದರೆ ಇಲ್ಲಿಗೂ ಒಂದು ಎಚ್ಚರಿಕೆ ಇರಲಿ. ಮೇಲೆ ಗಟ್ಟಿ ಮುರಕಲ್ಲು, ಕೆಳಗೆ ಶೇಡಿ ಮಣ್ಣು. ಒಣಗಿರುವಾಗ ಶೇಡಿಯನ್ನು ಪಿಕಾಸಿಯಲ್ಲಿ ಅಗೆಯುವುದೇ ಕಷ್ಟ. ನೀರು ತುಂಬಿದರೆ ಅದರ ಬಲ ಹೋಗಿ ಜಾರತೊಡಗುತ್ತದೆ. ಗುಡ್ಡ ಕಡಿದು ಸೈಟ್ ಮಾಡಿದ ಕಡೆ ಮನೆ ಹಿಂದಿನ ಕಡಿತದಲ್ಲಿ ಬಿಳಿ, ಗುಲಾಬಿ ಬಣ್ಣದ ಮಣ್ಣು ಕಂಡರೆ ಮಳೆಗಾಲಕ್ಕೆ ಮುಂಚೆಯೇ ಮೇಲಿನ ನೀರನ್ನು ಪಕ್ಕಕ್ಕೆ ತಿರುಗಿಸಬೇಕು. ನಮ್ಮಲ್ಲಿ ಪಾಯದ ಬಿರುಕು ಬಂದರೆ ಮೊದಲು ಧರೆ ನೋಡಬೇಕು, ಗೋಡೆ ಆಮೇಲೆ.

ಹಳೇ ಊರು, ನರಗುಂದ · ಜೂನ್

ನಮ್ಮೂರಿನವರಿಗೆ ಇನ್ನೊಂದು ಸೇರಿಸುತ್ತೇನೆ. ಹಳೇ ಊರಿನಲ್ಲಿ ಮನೆಯ ನೆಲ ಒಂದೇ ಕಡೆ ದುಂಡಗೆ ಕುಸಿಯುತ್ತಿದ್ದರೆ, ಕಾಲಿಟ್ಟಾಗ ಟೊಳ್ಳು ಸದ್ದು ಬಂದರೆ, ಕೆಳಗೆ ಹಳೆಯ ಹಗೇವು ಇರಬಹುದು. ಅಜ್ಜ ಮುತ್ತಜ್ಜನ ಕಾಲದಲ್ಲಿ ಜೋಳ ತುಂಬಿಡುತ್ತಿದ್ದ ಗುಂಡಿ, ಈಗ ಬಾಯಿ ಮುಚ್ಚಿ ಮೇಲೆ ಮನೆ ಕಟ್ಟಿರುತ್ತಾರೆ. ನರಗುಂದದಲ್ಲಿ ನೆಲ ಕುಸಿದಾಗ ಅಂತರ್ಜಲ ಮೇಲೆ ಬಂದ ಮಾತೂ ಹಗೇವಿನ ಮಾತೂ ಬಂದಿತ್ತು. ಅಂಥ ಕಡೆ ಅಗೆಯಲು ಒಬ್ಬರೇ ಇಳಿಯಬೇಡಿ. ಮುಚ್ಚಿದ ಹಗೇವಿನಲ್ಲಿ ಉಸಿರಾಡಲು ಗಾಳಿ ಇರುವುದಿಲ್ಲ. ಓಣಿಯ ಹಿರಿಯರನ್ನು ಕೇಳಿದರೆ ಯಾರ ಮನೆಯಲ್ಲಿ ಎಲ್ಲಿ ಹಗೇವಿತ್ತು ಎಂದು ಇವತ್ತಿಗೂ ತೋರಿಸುತ್ತಾರೆ.

ನವಲಗುಂದದ ಮನೆ · ಅಕ್ಟೋಬರ್

ಎಲ್ಲರೂ ಹೇಳಿದಂತೆ ಮಾಡಿದ್ದೇನೆ, ಫಲಿತಾಂಶ ಬರೆಯುತ್ತಿದ್ದೇನೆ.

ಮೇ ಕೊನೆಗೆ ಬಿರುಕಿನ ಮೇಲ್ತುದಿ 7 ಮಿ.ಮೀ. ಇತ್ತು. ಈಗ 3. ಮೊದಲ ಗಾಜು ಜುಲೈನಲ್ಲೇ ಒಡೆಯಿತು. ಬಾಗಿಲು ಈಗ ಚಿಲಕಕ್ಕೆ ಕೂರುತ್ತಿದೆ. ಲೆವೆಲ್ ಪೈಪ್ ಹಿಡಿದಾಗ ವಾಯವ್ಯ ಮೂಲೆ ಉಳಿದವಕ್ಕಿಂತ ಕೆಳಗೆ, ಆಗ್ನೇಯದ ಬಚ್ಚಲ ಮೂಲೆ ಎಲ್ಲಕ್ಕಿಂತ ಮೇಲೆ ಸಿಕ್ಕಿತು. ಬೇಸಿಗೆಯಲ್ಲಿ ಗೋಡೆ ಬುಡದ ಸಂದಿನಲ್ಲಿ ಕಡ್ಡಿ ಇಳಿಸಿ ನೋಡಿದ್ದೆ. ಬೇವಿನ ಕಡೆ ಮೊಣಕೈ ತನಕದ ಕಡ್ಡಿ ಪೂರ್ತಿ ಇಳಿಯಿತು, ಬಚ್ಚಲ ಕಡೆ ಸಂದೇ ಇರಲಿಲ್ಲ, ಮಣ್ಣು ಬೆಣ್ಣೆಯಂತೆ ಮೆತ್ತಗಿತ್ತು.

ಅದನ್ನು ನೋಡಿ ಬಚ್ಚಲ ನೀರು ಇಳಿಯುವ ಚೇಂಬರ್‌ನ ಮುಚ್ಚಳ ತೆಗೆಸಿದೆ. ಒಳಗಿನ ಸಿಮೆಂಟ್ ಬಿಟ್ಟು ತಳದಲ್ಲಿ ಇಟ್ಟಿಗೆ ಕಾಣುತ್ತಿತ್ತು. ನೀರು ಹೊರಹೋಗುವ ಪೈಪಿನ ಬಾಯಿಗೆ ಬಟ್ಟೆ ಬಿಗಿದು ನೀರು ನಿಲ್ಲಿಸಿ ಗುರುತು ಹಾಕಿದರೆ ಬೆಳಗ್ಗೆ ಹೊತ್ತಿಗೆ ಖಾಲಿ. ಎಷ್ಟು ವರ್ಷದಿಂದ ಆ ನೀರೆಲ್ಲ ಪಾಯದ ಕೆಳಗೆ ಹೋಗಿದೆಯೋ.

ಹೀಗಾದರೆ ಬೇವಿನ ಮರ ಕಡಿಸಿ, ಚೇಂಬರ್ ರಿಪೇರಿ ಮಾಡಿಸಿ, ಬಿರುಕು ಮುಚ್ಚಿಸಿದರೆ ಮುಗಿಯಿತೇ?

ದಾವಣಗೆರೆ ಸ್ಟ್ರಕ್ಚರಲ್ · ಅಕ್ಟೋಬರ್

ಬಹಳ ಒಳ್ಳೆಯ ಕೆಲಸ ಮಾಡಿದ್ದೀರಿ. ಚಿತ್ರ ಈಗ ಸ್ಪಷ್ಟ. ಒಂದು ಮೂಲೆಯನ್ನು ಮರ ಒಣಗಿಸುತ್ತಿದೆ, ಎದುರು ಮೂಲೆಗೆ ಚೇಂಬರ್ ನೀರು ಕುಡಿಸುತ್ತಿದೆ. ಮನೆ ಆ ಎರಡರ ನಡುವೆ ಸೀಳುತ್ತಿದೆ. ಪಾಯದ ಕಲ್ಲು ಕೆಟ್ಟಿಲ್ಲ, ಕೆಳಗಿನ ತೇವ ಏರುಪೇರಾಗಿದೆ. ಹಾಗಾಗಿ ಜಾಕೆಟ್ ಹಾಕಿಸಿದ್ದರೆ ದುಡ್ಡು ಹೋಗುತ್ತಿತ್ತು, ಬಿರುಕು ಉಳಿಯುತ್ತಿತ್ತು. ಎರೆಯಲ್ಲಿ ಒಂದೇ ಮೂಲೆಯನ್ನು ಆಳಕ್ಕೆ ಕಾಂಕ್ರೀಟ್ ಹಾಕಿ ಗಟ್ಟಿ ಮಾಡಿದರೆ ಉಳಿದ ಮನೆ ಋತುವಿಗೆ ತಕ್ಕಂತೆ ಏರಿಳಿಯುತ್ತಲೇ ಇರುತ್ತದೆ, ಗಟ್ಟಿ ಮಾಡಿದ ಭಾಗ ಮಾತ್ರ ನಿಲ್ಲುತ್ತದೆ. ಮುಂದಿನ ವರ್ಷ ಅವೆರಡೂ ಸೇರುವಲ್ಲಿ ಹೊಸ ಬಿರುಕು.

ಮರ ಬುಡಸಮೇತ ಒಮ್ಮೆಲೇ ಕಡಿಸಬೇಡಿ. ದೊಡ್ಡ ಮರ ಹೋದ ಮೇಲೆ ಅದು ಹೀರುತ್ತಿದ್ದ ನೀರು ಮಣ್ಣಿನಲ್ಲೇ ಉಳಿಯುತ್ತದೆ, ಒಣಗಿದ್ದ ಎರೆ ವರ್ಷಗಟ್ಟಲೆ ನಿಧಾನವಾಗಿ ಉಬ್ಬುತ್ತದೆ. ಇಳಿದ ಮೂಲೆ ಬೇಕಾದುದಕ್ಕಿಂತ ಮೇಲೆದ್ದು ಇನ್ನೊಂದು ಗೋಡೆ ಸೀಳಿದ್ದನ್ನು ನಾನು ನೋಡಿದ್ದೇನೆ. ಈ ವರ್ಷ ಕೊಂಬೆ ಇಳಿಸಿ. ಮನೆ ಮತ್ತು ಮರದ ನಡುವೆ ಕಂದಕ ತೆಗೆದು ದಪ್ಪ ಪ್ಲಾಸ್ಟಿಕ್ ಹಾಳೆ ಇಳಿಬಿಟ್ಟು ಕಾಂಕ್ರೀಟ್ ತುಂಬಿಸಿ, ಬೇರು ಪಾಯದ ಕಡೆ ಬರದಂತೆ. ಕಂದಕ ತೆಗೆಯುವಾಗ ಸಿಗುವ ದೊಡ್ಡ ಬೇರು ಕತ್ತರಿಸುವ ಮೊದಲು ಮರ ಗಾಳಿಗೆ ನಿಲ್ಲುತ್ತದೆಯೇ ಎಂದು ನೋಡಿಸಿ.

ಬಚ್ಚಲ ಚೇಂಬರ್ ಹೊಸದಾಗಿ ಕಟ್ಟಿಸಿ, ಗೋಡೆಯಿಂದ ದೂರ. ತಾರಸಿಯ ಮಳೆ ನೀರಿನ ಪೈಪ್ ಗೋಡೆ ಬುಡಕ್ಕೆ ಬಿಟ್ಟಿದ್ದರೆ ಮೊದಲು ಅದನ್ನು ಗಟಾರಕ್ಕೆ ತಿರುಗಿಸಿ. ಆಮೇಲೆ ಮನೆಯ ನಾಲ್ಕೂ ಸುತ್ತ ಕನಿಷ್ಠ ಐದು ಅಡಿ ಅಗಲದ ಕಟ್ಟೆ ಹಾಸು. ಮೇಲಿನ ಎರೆ ತೆಗೆದು ಗರಸು (ಉಬ್ಬದ ಕಲ್ಲುಮಿಶ್ರಿತ ಮಣ್ಣು) ತುಂಬಿ ಧಮ್ಮಸ್ಸು ಮಾಡಿ, ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಕಾಂಕ್ರೀಟ್. ಇಳಿಜಾರು ಹೊರಕ್ಕೆ. ಹಾಸು ಮತ್ತು ಗೋಡೆ ಸೇರುವಲ್ಲಿ ಸಿಮೆಂಟ್ ತುಂಬಬೇಡಿ, ಅದು ಒಂದೇ ವರ್ಷಕ್ಕೆ ಬಿಡುತ್ತದೆ. ಡಾಂಬರು ಅಥವಾ ರಬ್ಬರಿನಂತೆ ಎಳೆಯುವ ಸೀಲಂಟ್ ಹಾಕಿಸಿ. ಈ ಹಾಸು ಇಡೀ ಕೆಲಸದ ಜೀವಾಳ. ಬೇಸಿಗೆಯಲ್ಲಿ ತೇವ ಆರದಂತೆ, ಮಳೆಯಲ್ಲಿ ನೀರು ಇಳಿಯದಂತೆ ಎರಡನ್ನೂ ತಡೆಯುವುದು ಅದೇ.

ಬಿರುಕು ಈಗ ಮುಚ್ಚಬೇಡಿ. ಇನ್ನೊಂದು ಬೇಸಿಗೆ, ಇನ್ನೊಂದು ಮಳೆಗಾಲ ಅಳೆಯಿರಿ.

ಬಾಗಲಕೋಟೆ ಶಿಕ್ಷಕಿ · ನವೆಂಬರ್

ನಾವು ಬರುವ ವರ್ಷ ಎರೆ ಜಾಗದಲ್ಲೇ ಮನೆ ಕಟ್ಟಿಸಬೇಕು. ಮೊದಲೇ ಏನು ಮಾಡಿದರೆ ಈ ಪಾಡು ತಪ್ಪೀತು ಸರ್?

ದಾವಣಗೆರೆ ಸ್ಟ್ರಕ್ಚರಲ್ · ನವೆಂಬರ್

ಮೇಡಂ, ನಕ್ಷೆಗೆ ಮುಂಚೆ ಮಣ್ಣಿನ ಪರೀಕ್ಷೆ ಮಾಡಿಸಿ. ಫ್ರೀ ಸ್ವೆಲ್ ಇಂಡೆಕ್ಸ್ ಎಂದು ಕೇಳಿ, ಭಾರತೀಯ ಮಾನಕ ಐಎಸ್ 2720ರ 40ನೇ ಭಾಗದಲ್ಲಿದೆ. ಮಣ್ಣಿನ ಪುಡಿಯನ್ನು ಒಂದು ಗಾಜಿನ ನಳಿಕೆಯಲ್ಲಿ ನೀರಿಗೆ, ಇನ್ನೊಂದರಲ್ಲಿ ಸೀಮೆಎಣ್ಣೆಗೆ ಹಾಕಿ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ಆ ವ್ಯತ್ಯಾಸ ಸೀಮೆಎಣ್ಣೆಯಲ್ಲಿನ ಅಳತೆಯ ಶೇಕಡಾ ಎಷ್ಟು ಎನ್ನುವುದೇ ಸೂಚ್ಯಂಕ. ಶೇಕಡಾ 50 ದಾಟಿದರೆ ಸಾದಾ ಪಾಯದ ಯೋಚನೆ ಬಿಡಿ.

ಐದಾರು ಅಡಿಯಲ್ಲಿ ಗಟ್ಟಿ ಗರಸು ಸಿಕ್ಕರೆ ಪಾಯವನ್ನು ಅಲ್ಲಿಗೇ ಇಳಿಸುವುದು ಎಲ್ಲಕ್ಕಿಂತ ಸರಳ. ಎರೆ ಆಳವಾಗಿದ್ದರೆ ಅಂಡರ್‌ರೀಮ್ಡ್ ಪೈಲ್. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ನಮ್ಮ ದೇಶದ ಎರೆ ಭೂಮಿಗಾಗಿಯೇ ಇದನ್ನು ಬೆಳೆಸಿತು, ಐಎಸ್ 2911ರ 3ನೇ ಭಾಗದಲ್ಲಿದೆ. ಸುಮಾರು 3.5 ಮೀಟರ್ ಆಳಕ್ಕೆ ಕೊರೆದು ತಳದಲ್ಲಿ ಕಂಬದ ಅಗಲದ ಎರಡೂವರೆ ಪಟ್ಟು ಗಡ್ಡೆ ಬಿಡಿಸಿ ಕಾಂಕ್ರೀಟ್ ತುಂಬುತ್ತಾರೆ. ಆ ಆಳದಲ್ಲಿ ಬೇಸಿಗೆ, ಮಳೆಗಾಲದ ತೇವದ ವ್ಯತ್ಯಾಸ ಹೆಚ್ಚುಕಡಿಮೆ ಇರುವುದಿಲ್ಲ. ಪೈಲ್ ಮೇಲಿನ ಬೀಮ್ ನೆಲಕ್ಕೆ ತಾಗಬಾರದು, ಕೆಳಗೆ ಮೂರು ಇಂಚು ಟೊಳ್ಳು ಬಿಡಲೇಬೇಕು. ಬೀಮ್ ಅನ್ನು ನೆಲದ ಮೇಲೆಯೇ ಎರಕ ಹೊಯ್ದು ಬಿಟ್ಟರೆ ಉಬ್ಬುವ ಮಣ್ಣು ಕೆಳಗಿನಿಂದ ಎತ್ತಿಬಿಡುತ್ತದೆ, ಪೈಲ್‌ಗೆ ಕೊಟ್ಟ ದುಡ್ಡು ವ್ಯರ್ಥ. ಆ ದಿನ ನೀವೇ ನಿಂತು ನೋಡಿ.

ಅಗೆದು ತೆಗೆದ ಎರೆಯನ್ನೇ ಮನೆಯ ನೆಲದ ಕೆಳಗೆ ವಾಪಸ್ ತುಂಬಿಸಿಕೊಳ್ಳಬೇಡಿ. ಮುಂಬಯಿ ಐಐಟಿಯ ಪ್ರೊಫೆಸರ್ ಆರ್. ಕೆ. ಕಟ್ಟಿಯವರು ಉಬ್ಬದ, ಅಂಟುಗುಣದ ಮಣ್ಣಿನ ಪದರ ಹಾಕಿ ಎರೆಯ ಉಬ್ಬರ ತಡೆಯುವ ವಿಧಾನ ತೋರಿಸಿಕೊಟ್ಟರು. ನಮ್ಮ ಮಲಪ್ರಭಾ ಕಾಲುವೆಯಲ್ಲೇ ಅದನ್ನು ಬಳಸಿದ್ದಾರೆ. ಮನೆಗೂ ಅದೇ ತತ್ವ.

ಅಣ್ಣಿಗೇರಿ ಗೌಂಡಿ · ನವೆಂಬರ್

ಅಕ್ಕಾರ, ಪಾಯಾ ಅಗಿಯೂದು ಬ್ಯಾಸಿಗ್ಯಾಗ ಇಟ್ಟಕೊಳ್ರಿ, ಆದ್ರ ಅಗದ ಗುಂಡಿ ಬಿಸಲಿಗೆ ಬಿಟ್ಟು ಕುಂಡರಬ್ಯಾಡ್ರಿ. ತಳದ ಮಣ್ಣು ಒಣಗಿ ಬಿರುಕು ಬಿಟ್ಟ ಮ್ಯಾಲೆ ಬೆಡ್ ಹಾಕಿದ್ರ ಮಳಿಗಾಲಕ್ಕ ಅದು ಉಬ್ಬೇ ಉಬ್ಬತೈತಿ. ಅಗದ ಕೂಡ್ಲೇ ಬೆಡ್ ಕಾಂಕ್ರೀಟ್ ಬೀಳಬೇಕು. ಖಡಿ, ಉಸುಕು ಮೊದಲ ತಂದು ಹಾಕಿಸ್ರಿ.

ಮೂರನೇ ಮಹಡಿ, ಬೆಂಗಳೂರು · ಜನವರಿ

ಪಕ್ಕದ ಸೈಟಿನಲ್ಲಿ ಸೆಲ್ಲಾರ್‌ಗೆ ಅಗೆಯಲು ಹೊರಟಿದ್ದಾರೆ. ನಮ್ಮ ಗೋಡೆಯ ಬುಡಕ್ಕೇ ಬರುತ್ತದೆ. ಏನು ಮಾಡಬೇಕು?

ದಾವಣಗೆರೆ ಸ್ಟ್ರಕ್ಚರಲ್ · ಜನವರಿ

ಅಗೆಯುವ ಮೊದಲು ನಿಮ್ಮ ಮನೆಯ ಪ್ರತಿ ಗೋಡೆಯ ಫೋಟೋ, ತಾರೀಖಿನ ಸಮೇತ. ಇರುವ ಬಿರುಕಿನ ಅಳತೆ ಬರೆದು ಪಕ್ಕದವರಿಂದಲೂ ಸಹಿ ಹಾಕಿಸಿ. ನೆಲ ಕುಸಿಯದಂತೆ ಆಸರೆ ಹೇಗೆ ಕೊಡುತ್ತಾರೆ ಎಂಬ ನಕ್ಷೆ ಕೇಳಿ. 1882ರ ಈಸ್‌ಮೆಂಟ್ಸ್ ಕಾಯ್ದೆಯ 7ನೇ ಕಲಮಿನ ದೃಷ್ಟಾಂತಗಳಲ್ಲೇ ಪಕ್ಕದ ನೆಲದ ಸಹಜ ಆಸರೆ ಪಡೆಯುವ ಹಕ್ಕು ಭೂಮಾಲೀಕರಿಗೆ ಇದೆ ಎಂದಿದೆ. ಅದು ನೆಲದ ಸಹಜ ಸ್ಥಿತಿಯ ಮಾತು, ಮೇಲೆ ಕಟ್ಟಿದ ಮನೆಯ ಭಾರಕ್ಕೆ ಎಷ್ಟು ಅನ್ವಯ ಎನ್ನುವುದನ್ನು ವಕೀಲರ ಹತ್ತಿರ ಕೇಳಿ. ಗುಂಡಿ ತೋಡಿ ಮಳೆಗಾಲಕ್ಕೆ ಹಾಗೇ ಬಿಡುವುದಂತೂ ಆಗಲೇಬಾರದು.

ನವಲಗುಂದದ ಮನೆ · ಮುಂದಿನ ಡಿಸೆಂಬರ್

ಕಟ್ಟೆ ಹಾಸು, ಚೇಂಬರ್, ಬೇರಿನ ತಡೆ ಎಲ್ಲ ಕಳೆದ ಚಳಿಗಾಲದಲ್ಲೇ ಮುಗಿಸಿದ್ದೆವು. ಈ ಬೇಸಿಗೆಯಲ್ಲಿ ಬಿರುಕು 4 ಮಿ.ಮೀ. ದಾಟಲಿಲ್ಲ. ಮಳೆಗಾಲ ಮುಗಿದ ಮೇಲೂ 3ರ ಆಸುಪಾಸಿನಲ್ಲೇ ನಿಂತಿದೆ. ಹೊಸ ಗಾಜು ಒಡೆದಿಲ್ಲ. ಅವ್ವ ಆ ಕೋಣೆಗೆ ವಾಪಸ್ ಬಂದಿದ್ದಾರೆ. ಈಗ ಬಿರುಕು ಮುಚ್ಚಿಸಬಹುದೇ? ಹಾಲ್ ನಡುವಿನ ಉಬ್ಬಿದ ಟೈಲ್ಸ್ ಇನ್ನೂ ಹಾಗೇ ಇವೆ.

ದಾವಣಗೆರೆ ಸ್ಟ್ರಕ್ಚರಲ್ · ಡಿಸೆಂಬರ್

ಈಗ ಮುಚ್ಚಿಸಿ. ಬರೀ ಪುಟ್ಟಿ ಬೇಡ, ಹೊಲಿಗೆ ಹಾಕಿಸಿ. ಬಿರುಕಿನ ಎರಡೂ ಬದಿಗೆ ಒಂದೂವರೆ ಅಡಿಗಿಂತ ಹೆಚ್ಚು ಉದ್ದಕ್ಕೆ ಇಟ್ಟಿಗೆಯ ಅಡ್ಡ ಸಂದಿನ ಗಾರೆ ಕೆತ್ತಿ ತೆಗೆಯಬೇಕು. ಧೂಳು ತೊಳೆದು, ಕುಗ್ಗದ ಗ್ರೌಟ್ (ಸಂದು ತುಂಬುವ ಗಾರೆ) ತುಂಬಿ, 6 ಮಿ.ಮೀ.ನ ತುಕ್ಕು ಹಿಡಿಯದ ಸುರುಳಿ ಸರಳು ಒತ್ತಿ, ಮೇಲೆ ಮತ್ತೆ ಗ್ರೌಟ್. ನಾಲ್ಕೈದು ವರಸೆಗೆ ಒಂದರಂತೆ ಕೆಳಗಿನಿಂದ ಮೇಲಿನ ತನಕ. ಸಾದಾ ಕಬ್ಬಿಣದ ಸರಳು ಹಾಕಲು ಬಿಡಬೇಡಿ, ತುಕ್ಕು ಹಿಡಿದು ಊದಿಕೊಂಡು ಅದೇ ಸಂದನ್ನು ಮತ್ತೆ ಸೀಳುತ್ತದೆ. ಬಿರುಕಿನೊಳಗೆ ಗ್ರೌಟ್ ಇಳಿಸಿ, ಜಾಲರಿ ಬಡಿದು, ಗಿಲಾವು.

ಮುಂದೆ ಯಾವಾಗಲಾದರೂ ಬಿರುಕು ಋತುವಿಗೆ ಸಂಬಂಧವಿಲ್ಲದೆ ಒಂದೇ ದಿಕ್ಕಿಗೆ ಬೆಳೆಯುತ್ತಾ ಹೋದರೆ ಆಗ ಪಾಯದ ಕೆಳಗೆ ಕಟ್ಟುವ ಕೆಲಸ ಯೋಚಿಸಬೇಕು. ಅದನ್ನು ನಾಲ್ಕರಿಂದ ಐದು ಅಡಿ ಉದ್ದದ ತುಂಡುಗಳಲ್ಲಿ ಮಾಡುತ್ತಾರೆ, ಪಕ್ಕಪಕ್ಕದ ತುಂಡನ್ನು ಒಟ್ಟಿಗೆ ಅಗೆಯುವಂತೆಯೇ ಇಲ್ಲ. ಹೊಸ ಕಾಂಕ್ರೀಟ್ ಗಟ್ಟಿಯಾದ ಮೇಲೆ ಅದಕ್ಕೂ ಹಳೆ ಪಾಯಕ್ಕೂ ನಡುವೆ ಬಿಟ್ಟ ಮೂರು ಇಂಚು ಸಂದಿಗೆ ಗಟ್ಟಿ ಗಾರೆ ಬಡಿದು ತುಂಬಬೇಕು. ಸ್ಥಳದಲ್ಲಿ ಎಂಜಿನಿಯರ್ ಇಲ್ಲದೆ ಯಾರೇ ಗುದ್ದಲಿ ಹಾಕಿದರೂ ಒಪ್ಪಬೇಡಿ.

ಅಣ್ಣಿಗೇರಿ ಗೌಂಡಿ · ಡಿಸೆಂಬರ್

ಟೈಲ್ಸಿನ ಮಾತು ನಾ ಹೇಳತೀನಿ. ಉಬ್ಬಿದ ಕಡಿ ಟೈಲ್ಸ್ ತಗಿಸಿ ಕೆಳಗ ಏನು ತುಂಬ್ಯಾರ ನೋಡ್ರಿ. ನೂರಕ್ಕ ತೊಂಬತ್ತು ಎರಿನ ಇರತೈತಿ. ಎರಡು ಅಡಿ ಅದನ್ನ ತಗದು ಗರಸು ತುಂಬಸ್ರಿ, ಅರ್ಧ ಅರ್ಧ ಅಡಿ ಪದರಿನ್ಯಾಗ, ಪ್ರತಿ ಪದರಕ್ಕ ಸ್ವಲ್ಪ ನೀರು ಚಿಮಕಿಸಿ ಧಮ್ಮಸ್ ಹೊಡಿಸ್ರಿ. ಹೊಸಾ ಕಾಂಕ್ರೀಟ್ ನೆಲಕ್ಕೂ ಗ್ವಾಡಿಗೂ ನಡುವ ಬೆರಳಿನಷ್ಟು ಸಂದು ಬಿಟ್ಟು ಥರ್ಮಾಕೋಲ್ ಇಡ್ರಿ, ಸ್ಕರ್ಟಿಂಗ್ ಅದನ್ನ ಮುಚ್ಚತೈತಿ. ಕೆಲಸ ಯುಗಾದಿ ಒಳಗ ಮುಗೀಬೇಕು. ನಿಮ್ಮ ಕಡಿ ಗರಸು ಎಲ್ಲಿ ಚಲೋ ಸಿಗತೈತಿ ಗೊತ್ತಿರದಿದ್ರ ಇಲ್ಲೇ ಕೇಳ್ರಿ, ಹೇಳತೀನಿ.